ನಿರುದ್ಯೋಗಿ ಯಾರು? – ಒಂದು ಎಣಿಕೆಯ ಚರಿತ್ರೆ

1934ನೆಯ ಇಸವಿಯ ಇಂಗ್ಲೆಂಡಿನ ಎರಡು ಪಟ್ಟಣಗಳಿಂದ ಈ ಬರಹವನ್ನು ಆರಂಭಿಸಬಹುದು. ಲಂಡನ್ನಿಗೆ ಸಮೀಪದ ಸೇಂಟ್ ಆಲ್ಬನ್ಸ್‌ನಲ್ಲಿ ಆ ವರ್ಷ ವಿಮೆಗೆ ಒಳಪಟ್ಟ ಕಾರ್ಮಿಕರ ಪೈಕಿ ಕೆಲಸವಿಲ್ಲದವರ ಪ್ರಮಾಣ ಶೇ. 3.9. ದೇಶದ ಈಶಾನ್ಯದಲ್ಲಿ, ಟೈನ್ ನದಿಯ ದಂಡೆಯ ಮೇಲಿರುವ ಜಾರೋ ಪಟ್ಟಣದಲ್ಲಿ ಅದು ಶೇ. 67.8. ಎರಡೂ ಊರುಗಳಿಗೆ ಒಬ್ಬನೇ ಅರಸ, ಒಂದೇ ಸಂಸತ್ತು, ಒಂದೇ ನಾಣ್ಯ, ಒಂದೇ ಕಾನೂನು. ಇಡೀ ದೇಶದ ಸರಾಸರಿಯನ್ನು ಕೇಳಿದ್ದರೆ ಶೇ. 17ರ ಆಸುಪಾಸು ಎಂಬ ಉತ್ತರ ಬರುತ್ತಿತ್ತು. ಆ ಸರಾಸರಿಯ ಬ್ರಿಟನ್ ಈ ಎರಡು ಊರುಗಳಲ್ಲಿ ಯಾವುದರಲ್ಲಿಯೂ ಇರಲಿಲ್ಲ.

ಇನ್ನೊಂದು ಲೆಕ್ಕ ನಮ್ಮ ದೇಶದ್ದು, ನಮ್ಮ ಕಾಲದ್ದು. ಕೇಂದ್ರ ಸರ್ಕಾರದ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಹದಿನೈದು ಮತ್ತು ಅದಕ್ಕೂ ಮೇಲಿನ ವಯಸ್ಸಿನವರಲ್ಲಿ ನಿರುದ್ಯೋಗದ ಪ್ರಮಾಣ ಕೇರಳದಲ್ಲಿ ಶೇ. 7.2, ಮಧ್ಯಪ್ರದೇಶದಲ್ಲಿ ಶೇ. 1. ಬಿಹಾರದ ಪ್ರಮಾಣವೂ ಕೇರಳದ ಅರ್ಧಕ್ಕಿಂತ ಕಡಿಮೆ. ಪಟ್ಟಿಯನ್ನು ಅದು ಇರುವಂತೆಯೇ ನಂಬಿದರೆ ಕೇರಳದ ಯುವಕರು ಕೆಲಸ ಅರಸಿ ಬಿಹಾರಕ್ಕೆ ಹೋಗಬೇಕಿತ್ತು. ನಡೆಯುತ್ತಿರುವುದು ತಿರುಗುಮುರುಗು. ಬಿಹಾರ, ಒಡಿಶಾ, ಅಸ್ಸಾಂ, ಬಂಗಾಳಗಳ ಯುವಕರು ದಿನಗಟ್ಟಲೆ ರೈಲಿನಲ್ಲಿ ಕುಳಿತು ಕೇರಳಕ್ಕೆ ದುಡಿಯಲು ಬರುತ್ತಾರೆ.

ಜಾರೋದ ಅಂಕಿ ಒಂದು ಊರಿನ ಸಂಕಟವನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳಿತು. ಬಿಹಾರದ ಅಂಕಿ ಸಂಕಟವನ್ನು ಮರೆಮಾಡುತ್ತಿದೆ. ಒಂದೇ ಹೆಸರಿನ ಅಳತೆಗೋಲು ಎರಡು ಕಡೆ ಎರಡು ರೀತಿ ನಡೆದುಕೊಳ್ಳುವುದೇಕೆ? ಈ ಪ್ರಶ್ನೆಗೆ ಉತ್ತರ ಅರ್ಥಶಾಸ್ತ್ರದ ಸೂತ್ರಗಳಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಆ ಅಳತೆಗೋಲು ಹುಟ್ಟಿ ಬೆಳೆದ ಚರಿತ್ರೆಯಲ್ಲಿ ಸಿಗುತ್ತದೆ. ಯಾರನ್ನು ನಿರುದ್ಯೋಗಿ ಎಂದು ಕರೆಯಬೇಕು ಎಂಬುದನ್ನು ಪ್ರತಿಯೊಂದು ಕಾಲದಲ್ಲಿಯೂ ಯಾರೋ ಒಬ್ಬರು, ಯಾವುದೋ ಒಂದು ಉದ್ದೇಶದಿಂದ ತೀರ್ಮಾನಿಸಿದ್ದಾರೆ. ಆ ತೀರ್ಮಾನದಲ್ಲಿ ಹೊರಗುಳಿದವರ ಕಥೆಯೂ ಈ ಚರಿತ್ರೆಯ ಭಾಗವೇ.

ಬಡಗಿಯ ಗಾದೆಯಿಂದ ಮೊದಲ ಎಣಿಕೆಯವರೆಗೆ

ಮಾಡಲು ಕೆಲಸವಿಲ್ಲದ ಬಡಗಿಯನ್ನು ಕುರಿತ ನಮ್ಮ ಒರಟು ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಗಾದೆ ಬಡಗಿಯನ್ನು ಕಂಡು ನಗುತ್ತದೆ. ಅವನಿಗೆ ಕೆಲಸ ಏಕೆ ಇಲ್ಲ ಎಂದು ಕೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಯುರೋಪು, ಅಮೆರಿಕಗಳ ಆಳುವ ವರ್ಗದ ನಿಲುವೂ ಇದೇ ಆಗಿತ್ತು. ಕೆಲಸವಿಲ್ಲದವನು ಸೋಮಾರಿ, ಕುಡುಕ, ಅಲೆಮಾರಿ ಅಥವಾ ನತದೃಷ್ಟ. ಇವುಗಳಿಗೆ ಬೇರೆ ಬೇರೆ ಹೆಸರುಗಳಿದ್ದವು. ದುಡಿಯುವ ಮನಸ್ಸು ಮತ್ತು ಮೈ ಎರಡೂ ಇದ್ದು ಕೆಲಸ ಮಾತ್ರ ಇಲ್ಲದಿರುವ ಸ್ಥಿತಿಗೆ ಬೇರೊಂದು ಹೆಸರು ಬೇಕು ಎಂಬ ಅರಿವು ಬಲಿತದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ.

1873ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎರಡು-ಮೂರು ಲಕ್ಷ ಜನ ಕೆಲಸವಿಲ್ಲದೆ ಕುಳಿತಿದ್ದಾರೆ ಎಂಬ ಮಾತು ಹಬ್ಬಿತ್ತು. ಆ ರಾಜ್ಯದ ಕಾರ್ಮಿಕ ಅಂಕಿಅಂಶಗಳ ಕಚೇರಿಯ ಮುಖ್ಯಸ್ಥ ಕ್ಯಾರೋಲ್ ರೈಟ್ 1878ರಲ್ಲಿ ಊರೂರಿನ ತೆರಿಗೆ ಅಧಿಕಾರಿಗಳು ಮತ್ತು ಪೊಲೀಸರ ಮೂಲಕ ಎಣಿಕೆ ಮಾಡಿಸಿದರು. ಎಣಿಸಬೇಕಾದವರು ನಿಜವಾಗಿಯೂ ಕೆಲಸ ಬಯಸುವವರು ಮಾತ್ರ ಎಂಬುದು ಅವರ ಸೂಚನೆಯಾಗಿತ್ತು. ಸಿಕ್ಕ ಸಂಖ್ಯೆ ಮೂವತ್ತು ಸಾವಿರವನ್ನೂ ಮುಟ್ಟಲಿಲ್ಲ. ಗಾಳಿಮಾತಿನ ಲಕ್ಷಗಳು ಉತ್ಪ್ರೇಕ್ಷೆಯಾಗಿದ್ದಿರಬಹುದು. ಆದರೆ ಒಬ್ಬನಿಗೆ ನಿಜವಾಗಿಯೂ ಕೆಲಸ ಬೇಕಿದೆಯೇ ಎಂಬುದನ್ನು ಊರಿನ ಪೊಲೀಸಿನವನು ಹೇಗೆ ನಿರ್ಧರಿಸಿದ? ಈ ಪ್ರಶ್ನೆ ಅಂದು ಬಗೆಹರಿಯಲಿಲ್ಲ. ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಕೆಲವೇ ವರ್ಷಗಳಲ್ಲಿ ರೈಟ್ ಅಮೆರಿಕದ ಕೇಂದ್ರ ಕಾರ್ಮಿಕ ಇಲಾಖೆಯ ಮೊದಲ ಆಯುಕ್ತರಾದರು. ಬಯಕೆಯನ್ನು ಅಳೆಯುವ ಅವರ ಷರತ್ತು ಅವರ ನಂತರವೂ ಉಳಿದುಕೊಂಡಿತು.

ದಫ್ತರದ ಲೆಕ್ಕ

ಬ್ರಿಟನ್ ಬೇರೊಂದು ದಾರಿ ಹಿಡಿಯಿತು. 1909ರಲ್ಲಿ ವಿಲಿಯಂ ಬೆವರಿಜ್ ನಿರುದ್ಯೋಗವನ್ನು ಕುರಿತು ಬರೆದ ಗ್ರಂಥ ಅದನ್ನು ವ್ಯಕ್ತಿಯ ದೋಷವೆಂದು ಬಗೆಯದೆ ಉದ್ಯಮದ ಸಮಸ್ಯೆಯೆಂದು ವಿಶ್ಲೇಷಿಸಿತು. ಮರುವರ್ಷ ಸರ್ಕಾರಿ ಉದ್ಯೋಗ ವಿನಿಮಯ ಕೇಂದ್ರಗಳು ತೆರೆದವು. 1911ರ ರಾಷ್ಟ್ರೀಯ ವಿಮಾ ಕಾಯಿದೆ ಹಡಗು ನಿರ್ಮಾಣ, ಕಟ್ಟಡ ಕೆಲಸ, ಯಂತ್ರೋದ್ಯಮ ಮೊದಲಾದ ಕೆಲವು ಕಸುಬುಗಳ ಸುಮಾರು 22 ಲಕ್ಷ ಕಾರ್ಮಿಕರಿಗೆ ನಿರುದ್ಯೋಗ ವಿಮೆಯನ್ನು ಕಡ್ಡಾಯಗೊಳಿಸಿತು. ಕೆಲಸ ಹೋದವನು ಕೇಂದ್ರಕ್ಕೆ ಬಂದು ಹೆಸರು ಬರೆಸಿ ಭತ್ಯೆ ಪಡೆಯುತ್ತಿದ್ದ. ಬರೆಸಿದ ಹೆಸರುಗಳನ್ನು ಕೂಡಿದರೆ ನಿರುದ್ಯೋಗಿಗಳ ಸಂಖ್ಯೆ ಸಿಗುತ್ತಿತ್ತು. ಮನಸ್ಸನ್ನು ಅಳೆಯುವ ತೊಂದರೆಯಿಲ್ಲ, ದಫ್ತರವೇ ಲೆಕ್ಕ ಹೇಳುತ್ತದೆ.

ಜಾರೋದ ಶೇ. 67.8 ಬಂದದ್ದು ಇಂಥ ದಫ್ತರದಿಂದ. ಆ ಪಟ್ಟಣ ಪಾಮರ್ ಕಂಪನಿಯ ಹಡಗುಕಟ್ಟೆಯೊಂದನ್ನೇ ನಂಬಿತ್ತು. ಆರ್ಥಿಕ ಮುಗ್ಗಟ್ಟಿನಲ್ಲಿ ಹಡಗುಗಳಿಗೆ ಬೇಡಿಕೆ ಬಿದ್ದುಹೋಗಿ, 1930ರ ದಶಕದ ಮೊದಲ ವರ್ಷಗಳಲ್ಲಿ ಹಡಗುಕಟ್ಟೆ ಮುಚ್ಚಿದಾಗ ಊರಿಗೆ ಊರೇ ಕೆಲಸ ಕಳೆದುಕೊಂಡಿತು. 1936ರ ಅಕ್ಟೋಬರಿನಲ್ಲಿ ಇನ್ನೂರು ಜನ ಹಾರ್ಮೋನಿಕಾ ನುಡಿಸುತ್ತ, ಮರದ ಪೆಟ್ಟಿಗೆಯಲ್ಲಿ ಊರಿನವರ ಅರ್ಜಿಯನ್ನಿಟ್ಟುಕೊಂಡು, ಸುಮಾರು ಮುನ್ನೂರು ಮೈಲಿ ದೂರದ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಆ ಕ್ಷೇತ್ರದ ಸಂಸದೆ ಎಲೆನ್ ವಿಲ್ಕಿನ್ಸನ್ ಹಲವು ದಿನ ಅವರೊಡನೆ ನಡೆದರು. ಪ್ರಧಾನಿ ಬಾಲ್ಡ್ವಿನ್ ಅವರನ್ನು ಭೇಟಿಯಾಗಲು ಒಪ್ಪಲಿಲ್ಲ.

ಈ ನಡಿಗೆಯ ಒಂದು ಸಣ್ಣ ವಿವರ ನಮ್ಮ ವಿಷಯಕ್ಕೆ ಬಹಳ ಮುಖ್ಯ. ನಡೆಯುತ್ತಿದ್ದ ದಿನಗಳಿಗೆ ಅವರಿಗೆ ನಿರುದ್ಯೋಗ ಭತ್ಯೆ ಸಿಗುವುದಿಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ರಸ್ತೆಯ ಮೇಲಿದ್ದಾಗ ಜಾರೋದಲ್ಲಿ ಏನಾದರೂ ಕೆಲಸ ಹುಟ್ಟಿದ್ದರೆ ಅದನ್ನು ಒಪ್ಪಿಕೊಳ್ಳಲು ಅವರು ಊರಿನಲ್ಲಿ ಲಭ್ಯರಿರುತ್ತಿರಲಿಲ್ಲ ಎಂಬುದು ಕೊಟ್ಟ ಕಾರಣ. ಕೆಲಸವೇ ಇಲ್ಲ ಎಂದು ಹೇಳಲು ಹೊರಟವರು, ಆ ಹೊರಟ ಕಾರಣಕ್ಕಾಗಿಯೇ, ನಿಯಮದ ಕಣ್ಣಿನಲ್ಲಿ ನಿರುದ್ಯೋಗಿಗಳಾಗಿ ಉಳಿಯಲಿಲ್ಲ.

ದಫ್ತರದಿಂದ ಹೆಸರು ಅಳಿಸಲು ಬೇರೆ ಉಪಾಯಗಳೂ ಇದ್ದವು. 1931ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ತಂದ ಕಾನೂನೊಂದು ವಿವಾಹಿತ ಮಹಿಳೆಯರು ಭತ್ಯೆ ಪಡೆಯುವುದನ್ನು ಬಹಳ ಕಠಿಣಗೊಳಿಸಿತು. ಮದುವೆಯಾದವಳು ಮತ್ತೆ ಕೆಲಸಕ್ಕೆ ಬರುವ ಸಂಭವ ಕಡಿಮೆ ಎಂಬುದು ಅದರ ಹಿಂದಿನ ತರ್ಕ. ವಿಮೆಯ ಕಂತು ತುಂಬಿದ್ದ ಅಪಾರ ಸಂಖ್ಯೆಯ ಹೆಣ್ಣುಮಕ್ಕಳ ಬೇಡಿಕೆಗಳು ತಿರಸ್ಕೃತವಾದವು. ಆಗ ಕಾರ್ಮಿಕ ಸಚಿವೆಯಾಗಿದ್ದವರು ಆ ದೇಶದ ಮೊದಲ ಮಹಿಳಾ ಸಂಪುಟ ಸಚಿವೆ ಮಾರ್ಗರೆಟ್ ಬಾಂಡ್‌ಫೀಲ್ಡ್. ಭತ್ಯೆ ಸಿಗದಿದ್ದ ಮೇಲೆ ಕೇಂದ್ರಕ್ಕೆ ಹೋಗಿ ಹೆಸರು ಬರೆಸುವ ಗೋಜಿಗೆ ಯಾರು ಹೋಗುತ್ತಾರೆ? ಹೆಸರುಗಳು ಇಳಿದವು. ಇಳಿದ ಹೆಸರಿನವರಿಗೆ ಕೆಲಸ ಸಿಕ್ಕಿತೆಂದು ಇದರಿಂದ ತಿಳಿಯಲಾಗದು.

ಅದೇ ವರ್ಷಗಳಲ್ಲಿ ವಿಯೆನ್ನಾದ ಹತ್ತಿರದ ಮಾರಿಯೆಂಥಾಲ್ ಎಂಬ ಹಳ್ಳಿಗೆ ಮರೀ ಯಹೋಡಾ, ಪೌಲ್ ಲಾಜಾರ್ಸ್‌ಫೆಲ್ಡ್, ಹನ್ಸ್ ಜೈಸಲ್ ಎಂಬ ತರುಣ ಸಂಶೋಧಕರು ತಮ್ಮ ತಂಡದೊಂದಿಗೆ ಹೋದರು. ಹಳ್ಳಿಯ ಏಕೈಕ ಜವಳಿ ಕಾರ್ಖಾನೆ ಮುಚ್ಚಿತ್ತು. ಅಲ್ಲಿದ್ದ 478 ಕುಟುಂಬಗಳ ಬದುಕನ್ನು ಅವರು ಹತ್ತಿರದಿಂದ ದಾಖಲಿಸಿದರು. ಬಿಡುವು ಹೆಚ್ಚಿದ್ದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಸುಮಾರು ಅರ್ಧದಷ್ಟು ಇಳಿದಿದ್ದವು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು, ಅಲ್ಲಲ್ಲಿ ನಿಂತುಬಿಡುತ್ತಿದ್ದರು. ಹೆಂಗಸರು ಮಾತ್ರ ಮನೆಗೆಲಸದ ಅವಸರದಲ್ಲಿ ಬಿರಬಿರನೆ ನಡೆಯುತ್ತಿದ್ದರು. ಕಾರ್ಖಾನೆಯ ಕೆಲಸ ಇಬ್ಬರಿಗೂ ಹೋಗಿತ್ತು, ಆದರೆ ಹೆಂಗಸಿಗೆ ಹೋದದ್ದು ಸಂಬಳ ಮಾತ್ರ. ಯಾವ ದಫ್ತರವೂ ಈ ವ್ಯತ್ಯಾಸವನ್ನು ಬರೆದುಕೊಳ್ಳುವಂತಿರಲಿಲ್ಲ.

ಅಂಚೆಯವನು ತಟ್ಟಿದ ಬಾಗಿಲು

ದಫ್ತರವನ್ನು ಬಿಟ್ಟು ಮನೆಬಾಗಿಲಿಗೆ ಹೋಗಿ ಕೇಳುವ ಪದ್ಧತಿ ಬೆಳೆದದ್ದು ಅಮೆರಿಕದ ಮಹಾ ಕುಸಿತದ ದಶಕದಲ್ಲಿ. ದೇಶವ್ಯಾಪಿ ವಿಮೆ ಇಲ್ಲದ ಆ ದೇಶದಲ್ಲಿ ನಿರುದ್ಯೋಗಿಗಳೆಷ್ಟು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಒಬ್ಬೊಬ್ಬ ತಜ್ಞ ಒಂದೊಂದು ಸಂಖ್ಯೆ ಹೇಳುತ್ತಿದ್ದ, ಅವುಗಳ ನಡುವೆ ಲಕ್ಷಗಟ್ಟಲೆ ಅಂತರವಿರುತ್ತಿತ್ತು. 1937ರ ನವೆಂಬರಿನಲ್ಲಿ ಸರ್ಕಾರ ಅಂಚೆಯ ಮೂಲಕ ಮನೆಮನೆಗೂ ಕಾರ್ಡು ಕಳುಹಿಸಿ, ಕೆಲಸವಿಲ್ಲದವರು ತುಂಬಿ ಹಿಂದಿರುಗಿಸಬೇಕೆಂದು ಕೋರಿತು. ಸುಮಾರು 78 ಲಕ್ಷ ಜನ ತುಂಬಿ ಕಳುಹಿಸಿದರು. ಇದು ಪೂರ್ಣ ಸಂಖ್ಯೆಯೇ ಎಂದು ಪರೀಕ್ಷಿಸಲು ಅಂಚೆ ಮಾರ್ಗಗಳಲ್ಲಿ ನೂರಕ್ಕೆ ಎರಡರಂತೆ ಆರಿಸಿ, ಅಲ್ಲಿನ ಅಂಚೆಯವರೇ ಪ್ರತಿ ಮನೆಗೂ ಹೋಗಿ ವಿಚಾರಿಸುವಂತೆ ಏರ್ಪಾಡಾಯಿತು. ಈ ಸಣ್ಣ ಮಾದರಿಯಿಂದ ಲೆಕ್ಕ ಹಾಕಿದಾಗ ನಿಜವಾದ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತು. ತಾವಾಗಿ ಬಂದು ಹೇಳಿಕೊಳ್ಳದವರು ಅಷ್ಟೊಂದು ಜನರಿದ್ದರು.

ಕೆಲವೇ ಮನೆಗಳನ್ನು ಸರಿಯಾಗಿ ಆರಿಸಿ ಕೇಳಿದರೆ ಇಡೀ ದೇಶದ ಸ್ಥಿತಿ ತಿಳಿಯುತ್ತದೆ ಎಂಬ ಪಾಠ ಅಲ್ಲಿಂದ ಗಟ್ಟಿಯಾಯಿತು. 1940ರಲ್ಲಿ ಅಮೆರಿಕದಲ್ಲಿ ಮಾಸಿಕ ಮಾದರಿ ಸಮೀಕ್ಷೆ ಆರಂಭವಾಯಿತು. ಅದರಲ್ಲಿ ರೈಟ್ ಅವರ ಬಯಕೆಯ ಷರತ್ತು ಹೊಸ ರೂಪ ತಾಳಿತು. ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಕ್ಕೆ ಬದಲಾಗಿ ಕಳೆದ ವಾರ ಏನು ಮಾಡಿದಿರಿ ಎಂದು ಕೇಳತೊಡಗಿದರು. ದುಡಿದಿದ್ದರೆ ಉದ್ಯೋಗಿ. ದುಡಿಯದೆ ಕೆಲಸ ಹುಡುಕಿದ್ದರೆ ನಿರುದ್ಯೋಗಿ. ಎರಡನ್ನೂ ಮಾಡದಿದ್ದರೆ ಶ್ರಮಶಕ್ತಿಯಿಂದಲೇ ಹೊರಗೆ. ನಿರುದ್ಯೋಗದ ಪ್ರಮಾಣವೆಂದರೆ ಮೊದಲ ಎರಡು ಗುಂಪುಗಳ ಮೊತ್ತದಲ್ಲಿ ಎರಡನೆಯ ಗುಂಪಿನ ಪಾಲು. ಮೂರನೆಯ ಗುಂಪು ಎಷ್ಟೇ ದೊಡ್ಡದಾದರೂ ಆ ಭಾಗಾಕಾರದಲ್ಲಿ ಅದಕ್ಕೆ ಸ್ಥಾನವಿಲ್ಲ.

ಒಂದು ಗಂಟೆಯ ಉದ್ಯೋಗ

ದೇಶದೇಶಗಳನ್ನು ಹೋಲಿಸುವ ಆಸೆ ಹಳೆಯದು. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಎರಡನೆಯ ಒಪ್ಪಂದವೇ ನಿರುದ್ಯೋಗವನ್ನು ಕುರಿತದ್ದು. ಮೂರು ತಿಂಗಳು ಮೀರದಂತೆ ಆಗಾಗ ನಿರುದ್ಯೋಗದ ಮಾಹಿತಿ ಕಳುಹಿಸಬೇಕೆಂದು ಅದು ಸದಸ್ಯ ದೇಶಗಳಿಗೆ ಹೇಳಿತು. ಆದರೆ ಒಂದು ದೇಶ ವಿಮೆಯ ದಫ್ತರ ನೋಡಿ, ಇನ್ನೊಂದು ಕಾರ್ಮಿಕ ಸಂಘಗಳ ಪಟ್ಟಿ ನೋಡಿ, ಮತ್ತೊಂದು ಜನಗಣತಿ ನೋಡಿ ಕಳುಹಿಸಿದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆಗೆ ಅರ್ಥವಿರಲಿಲ್ಲ. ಎಲ್ಲರಿಗೂ ಒಂದೇ ವ್ಯಾಖ್ಯೆಯನ್ನು ರೂಪಿಸುವ ಕೆಲಸ ದಶಕಗಳ ಕಾಲ ನಡೆದು, 1954 ಮತ್ತು 1982ರ ಸಮ್ಮೇಳನಗಳಲ್ಲಿ ಇಂದಿನ ರೂಪಕ್ಕೆ ಬಂತು. ಕೆಲಸ ಇಲ್ಲದಿರಬೇಕು, ಕೆಲಸಕ್ಕೆ ಲಭ್ಯವಿರಬೇಕು, ಕೆಲಸ ಹುಡುಕುತ್ತಿರಬೇಕು. ಈ ಮೂರೂ ಕೂಡಿದವನು ನಿರುದ್ಯೋಗಿ. ವಾರದಲ್ಲಿ ಒಂದು ಗಂಟೆ ದುಡಿದರೂ ಅವನು ಉದ್ಯೋಗಿ.

ಒಂದು ಗಂಟೆಯ ಈ ನಿಯಮವನ್ನು ಕೇಳಿ ನಗುವುದು ಸುಲಭ. ಅದಕ್ಕೊಂದು ಕಾರಣವಿದೆ. ದೇಶದ ಒಟ್ಟು ಉತ್ಪನ್ನವನ್ನು ಲೆಕ್ಕ ಹಾಕುವಾಗ ಒಂದು ಗಂಟೆಯ ದುಡಿಮೆಯೂ ಸೇರುತ್ತದೆ, ಆದುದರಿಂದ ಅದನ್ನು ದುಡಿದವನೂ ಉದ್ಯೋಗಿಗಳಲ್ಲಿ ಸೇರಬೇಕು ಎಂಬುದು ಅಂಕಿಅಂಶ ತಜ್ಞರ ವಾದ. ಕಾರ್ಖಾನೆಯ ಸಿಳ್ಳಿಗೆ ಬದುಕು ಹೊಂದಿಕೊಂಡ ಸಮಾಜದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಅಲ್ಲಿ ಹೆಚ್ಚಿನವರು ಪೂರ್ತಿ ಒಳಗೆ ಇಲ್ಲವೇ ಪೂರ್ತಿ ಹೊರಗೆ. ತುಂಡು ಹೊಲ, ನಾಲ್ಕು ಕುರಿ, ಸಂತೆಯ ದಿನ ತರಕಾರಿ ಮಾರಾಟ, ನಡುವೆ ಕೂಲಿ ಎಂದು ಬದುಕುವವನ ಮನೆಗೆ ಅದೇ ಅಳತೆಗೋಲನ್ನು ಒಯ್ದಾಗ ತೊಡಕು ಶುರುವಾಗುತ್ತದೆ. ಅವನು ಯಾವ ವಾರವೂ ಪೂರ್ತಿ ಖಾಲಿಯಿಲ್ಲ. ಯಾವ ವಾರವೂ ಹೊಟ್ಟೆ ತುಂಬುವಷ್ಟು ಕೆಲಸವೂ ಇಲ್ಲ.

ಬಡ ದೇಶಗಳಲ್ಲಿ ನಿರುದ್ಯೋಗದ ಪ್ರಮಾಣ ಕಡಿಮೆಯಿರುವ ವಿಚಿತ್ರಕ್ಕೆ ಮೂಲ ಇಲ್ಲಿದೆ. ಜಗತ್ತಿನ ಅತಿ ಬಡ ದೇಶಗಳಲ್ಲೊಂದಾದ ನೈಜರ್‌ನ ಪ್ರಮಾಣ ಶೇ. 1ರ ಆಸುಪಾಸು. 2013ರಲ್ಲಿ ಸ್ಪೇನ್ ದೇಶದ ಪ್ರಮಾಣ ಶೇ. 26 ದಾಟಿತ್ತು. ಸ್ಪೇನಿನ ತರುಣನಿಗೆ ಭತ್ಯೆಯೋ ತಂದೆತಾಯಿಯ ಪಿಂಚಣಿಯೋ ಆಸರೆಯಾಗಿತ್ತು, ಅವನು ಕಾಯಬಲ್ಲವನಾಗಿದ್ದ. ನೈಜರ್‌ನ ರೈತನಿಗೆ ಕಾಯುವಷ್ಟು ಅನುಕೂಲವಿಲ್ಲ, ಸಿಕ್ಕಿದ್ದನ್ನು ಮಾಡಲೇಬೇಕು.

ಆದರೆ ಬಡತನವಿದ್ದಲ್ಲೆಲ್ಲ ಪ್ರಮಾಣ ಕಡಿಮೆ ಎಂಬ ಸೂತ್ರವೂ ನಿಲ್ಲುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈಚಿನ ವರ್ಷಗಳಲ್ಲಿ ಅಧಿಕೃತ ನಿರುದ್ಯೋಗ ಶೇ. 30ನ್ನು ಮೀರಿದೆ. ಹುಡುಕಿ ಹುಡುಕಿ ಕೈಚೆಲ್ಲಿದವರನ್ನೂ ಸೇರಿಸಿಕೊಳ್ಳುವ ವಿಸ್ತೃತ ವ್ಯಾಖ್ಯೆಯ ಪ್ರಕಾರ ಅದು ಶೇ. 40ಕ್ಕೂ ಹೆಚ್ಚು. ಇದರ ಬೇರುಗಳಲ್ಲೊಂದು 1913ರ ಭೂ ಕಾಯಿದೆಯಲ್ಲಿದೆ. ಬಹುಸಂಖ್ಯಾತ ಕಪ್ಪು ಜನರು ದೇಶದ ಬಹುಪಾಲು ನೆಲವನ್ನು ಕೊಳ್ಳದಂತೆ ಆ ಕಾಯಿದೆ ತಡೆಯಿತು. ಮುಂದೆ ವರ್ಣಭೇದ ನೀತಿಯ ಸರ್ಕಾರಗಳು ನಗರಗಳಲ್ಲಿ ಅವರ ಸಣ್ಣಪುಟ್ಟ ವ್ಯಾಪಾರಕ್ಕೂ ಅಡ್ಡಿಯಾದವು. ಕೆಲಸ ಹೋದಾಗ ಮರಳಿ ಹೋಗಲು ಹೊಲವೂ ಇಲ್ಲ, ಕೂರಲು ಗೂಡಂಗಡಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ನಿರುದ್ಯೋಗ ಬೆತ್ತಲಾಗಿ ಕಾಣುತ್ತದೆ. ಭಾರತದಲ್ಲಿ ಅದೇ ಮನುಷ್ಯ ಅಣ್ಣನ ಹೊಲದಲ್ಲಿ ಸೇರಿಕೊಂಡು ಉದ್ಯೋಗಿಯಾಗುತ್ತಾನೆ.

ದಾಂತವಾಲಾ ಸಮಿತಿಯ ಪ್ರಶ್ನೆ

ಅಣ್ಣನ ಹೊಲದಲ್ಲಿ ಸೇರಿಕೊಂಡವನನ್ನು ಹೇಗೆ ಎಣಿಸಬೇಕು ಎಂಬುದು ಸ್ವತಂತ್ರ ಭಾರತದ ಅರ್ಥಶಾಸ್ತ್ರಜ್ಞರನ್ನು ಬಹುಕಾಲ ಕಾಡಿತು. ಮರೆಮಾಚಿದ ನಿರುದ್ಯೋಗ ಎಂದು ನಾವು ಕರೆಯುವ ಕಲ್ಪನೆಗೆ ಹೆಸರಿಟ್ಟವರು ಜೋನ್ ರಾಬಿನ್ಸನ್. 1936ರಲ್ಲಿ ಅವರ ಮನಸ್ಸಿನಲ್ಲಿದ್ದದ್ದು ಕಾರ್ಖಾನೆಯಿಂದ ಹೊರಬಿದ್ದು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವ ಕಾರ್ಮಿಕ. ನಮ್ಮಲ್ಲಿ ಅದು ಹೊಲದ ಮೇಲೆ ಅಗತ್ಯಕ್ಕಿಂತ ಹೆಚ್ಚಾಗಿ ನಿಂತ ಕೈಗಳಿಗೆ ಅನ್ವಯವಾಯಿತು.

ಮಹಲನೋಬಿಸ್ ಅವರ ನೇತೃತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಹಲವು ಸುತ್ತುಗಳಲ್ಲಿ ಬೇರೆ ಬೇರೆ ಪ್ರಶ್ನೆಗಳನ್ನು ಪ್ರಯೋಗಿಸಿತು. ಯೋಜನಾ ಆಯೋಗ ತನ್ನದೇ ಅಂದಾಜುಗಳನ್ನು ಕೊಡುತ್ತಿತ್ತು. ಉದ್ಯೋಗ ವಿನಿಮಯ ಕೇಂದ್ರಗಳ ದಫ್ತರದಲ್ಲಿ ಈಗಾಗಲೇ ಕೆಲಸವಿದ್ದು ಇನ್ನೂ ಒಳ್ಳೆಯದನ್ನು ಬಯಸಿ ಹೆಸರು ಬರೆಸಿದ ಪದವೀಧರರಿದ್ದರು. ಆ ಕೇಂದ್ರ ಎಲ್ಲಿದೆಯೆಂದೇ ತಿಳಿಯದ ಕೃಷಿ ಕೂಲಿಗಳು ಇರಲಿಲ್ಲ. ಈ ಗೊಂದಲವನ್ನು ಪರಿಶೀಲಿಸಲು 1968ರಲ್ಲಿ ನೇಮಕಗೊಂಡ ಎಂ. ಎಲ್. ದಾಂತವಾಲಾ ಸಮಿತಿ 1970ರಲ್ಲಿ ವರದಿ ಕೊಟ್ಟಿತು. ಭಾರತದಂಥ ದೇಶಕ್ಕೆ ನಿರುದ್ಯೋಗದ ಒಂದೇ ಒಟ್ಟು ಸಂಖ್ಯೆಯನ್ನು ಹೇಳುವುದರಲ್ಲಿ ಅರ್ಥವಿಲ್ಲ, ಪ್ರದೇಶ, ಲಿಂಗ, ವಯಸ್ಸು, ವಿದ್ಯೆ, ದುಡಿಮೆಯ ಬಗೆಗಳಿಗೆ ತಕ್ಕಂತೆ ಬಿಡಿಸಿ ನೋಡಬೇಕು ಎಂಬುದು ಅದರ ಸಾರ.

1972-73ರ ಸುತ್ತಿನಿಂದ ಒಬ್ಬನನ್ನೇ ಮೂರು ಬಗೆಯಲ್ಲಿ ಎಣಿಸುವ ಪದ್ಧತಿ ನೆಲೆಗೊಂಡಿತು. ಇಡೀ ವರ್ಷವನ್ನು ನೋಡಿ ನಿರ್ಧರಿಸುವ ವಾಡಿಕೆಯ ಸ್ಥಿತಿ, ಕಳೆದ ಏಳು ದಿನಗಳನ್ನು ನೋಡುವ ವಾರದ ಸ್ಥಿತಿ, ಆ ಏಳರಲ್ಲಿ ಒಂದೊಂದು ದಿನವನ್ನೂ ಬೇರೆಯಾಗಿ ತೂಗುವ ದಿನದ ಸ್ಥಿತಿ. ಕಳೆ ಕೀಳುವ ದಿನಗಳಲ್ಲಿ ಬಿಡುವಿಲ್ಲದೆ ದುಡಿದು ಬೇಸಿಗೆಯಲ್ಲಿ ವಾರಕ್ಕೆರಡು ದಿನ ಮಾತ್ರ ಕೂಲಿ ಕಂಡವಳು ವಾಡಿಕೆಯ ಸ್ಥಿತಿಯಲ್ಲಿ ಪೂರ್ತಿ ಉದ್ಯೋಗಿ. ದಿನದ ಸ್ಥಿತಿಯಲ್ಲಿ ಅವಳ ಖಾಲಿ ದಿನಗಳು ನಿರುದ್ಯೋಗವಾಗಿ ಎದ್ದು ಕಾಣುತ್ತವೆ. 2011-12ರಲ್ಲಿ ದೇಶದ ನಿರುದ್ಯೋಗ ವಾಡಿಕೆಯ ಸ್ಥಿತಿಯ ಪ್ರಕಾರ ಶೇ. 2.2, ದಿನದ ಸ್ಥಿತಿಯ ಪ್ರಕಾರ ಶೇ. 5.6. ಎರಡೂ ಸತ್ಯ, ಕೇಳಿದ ಪ್ರಶ್ನೆ ಬೇರೆ. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ 1973ರಷ್ಟು ಹಿಂದೆಯೇ ಕಾಲ, ಆದಾಯ, ಇಚ್ಛೆ, ಉತ್ಪಾದಕತೆ ಎಂಬ ನಾಲ್ಕು ದೃಷ್ಟಿಗಳಿಂದ ನಿರುದ್ಯೋಗವನ್ನು ಅಳೆಯಬಹುದೆಂದು ವಿವರಿಸಿದ್ದರು. ಅಧಿಕೃತ ಪ್ರಮಾಣದಲ್ಲಿ ಆದಾಯಕ್ಕೆ ಇಂದಿಗೂ ಜಾಗವಿಲ್ಲ.

ಕೇರಳ ಮತ್ತು ಬಿಹಾರದ ಒಗಟಿಗೆ ಈಗ ಮರಳಬಹುದು. ದೇಶದಲ್ಲಿ ಪದವೀಧರರ ನಿರುದ್ಯೋಗ ಶೇ. 13ರ ಆಸುಪಾಸಿನಲ್ಲಿದ್ದರೆ ಅಕ್ಷರ ಬಾರದವರಲ್ಲಿ ಅದು ಶೇ. 1ಕ್ಕಿಂತ ಕಡಿಮೆ. ಕೇರಳದಲ್ಲಿ ಓದಿದವರು ಹೆಚ್ಚು, ಕೂಲಿ ದರ ಹೆಚ್ಚು, ಕೊಲ್ಲಿ ದೇಶಗಳಿಂದ ಹಣ ಬರುವ ಮನೆಗಳು ಹೆಚ್ಚು, ಕೆಲಸ ಹುಡುಕುತ್ತೇನೆಂದು ಹೇಳುವ ಹೆಣ್ಣುಮಕ್ಕಳೂ ಹೆಚ್ಚು. ಕಾಯಬಲ್ಲವರು ಕಾಯುತ್ತಾರೆ, ಕಾಯುವವರು ನಿರುದ್ಯೋಗಿಗಳಾಗಿ ದಾಖಲಾಗುತ್ತಾರೆ. ಬಿಹಾರದಲ್ಲಿ ಕಾಯಲಾರದವರು ಹೊಲಕ್ಕೋ ರೈಲು ನಿಲ್ದಾಣಕ್ಕೋ ಹೋಗುತ್ತಾರೆ. ಹಾಗೆಂದು ಕೇರಳದ ನಿರುದ್ಯೋಗ ಸುಳ್ಳಲ್ಲ. ವರ್ಷಗಟ್ಟಲೆ ಪರೀಕ್ಷೆ ಬರೆಯುತ್ತ ಮೂವತ್ತು ದಾಟಿದವರ ನೋವು ನಿಜವಾದದ್ದೇ. ಎರಡು ಬೇರೆ ಬಗೆಯ ನೋವುಗಳನ್ನು ಒಂದೇ ಕಂಬಸಾಲಿನಲ್ಲಿ ನಿಲ್ಲಿಸಿ ಮೇಲು ಕೀಳು ಎಣಿಸುವುದು ಮಾತ್ರ ಸರಿಯಲ್ಲ.

ಕಾಲದಿಂದ ಕಾಲಕ್ಕೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು. 2017-18ರಿಂದ 2023-24ರ ನಡುವೆ ದೇಶದ ನಿರುದ್ಯೋಗ ಶೇ. 6ರಿಂದ ಶೇ. 3.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶ್ರಮಶಕ್ತಿಯಲ್ಲಿ ಹೆಣ್ಣುಮಕ್ಕಳ ಪಾಲ್ಗೊಳ್ಳುವಿಕೆ ಶೇ. 23.3ರಿಂದ ಶೇ. 41.7ಕ್ಕೆ ಏರಿತು. ಹೀಗೆ ಸೇರಿದವರಲ್ಲಿ ಬಹಳಷ್ಟು ಜನ ಹಳ್ಳಿಗಳಲ್ಲಿ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಅವರ ದುಡಿಮೆ ಲೆಕ್ಕಕ್ಕೆ ಬಂದದ್ದು ಒಳ್ಳೆಯದೇ. ಆದರೆ ಅದನ್ನು ಹೊಸ ಕೆಲಸಗಳು ಹುಟ್ಟಿದ ಸುದ್ದಿ ಎಂದು ಓದಲಾಗದು.

ಊರು ಎಂದರೆ ಎಷ್ಟು ದೊಡ್ಡದು?

ದೇಶ ರಾಜ್ಯಗಳಿಂದ ಜಿಲ್ಲೆ ತಾಲ್ಲೂಕುಗಳಿಗೆ ಇಳಿದಂತೆ ಇನ್ನೊಂದು ಕಷ್ಟ ಎದುರಾಗುತ್ತದೆ. ಕೆಲಸ ಕಳೆದುಕೊಂಡವನು ಇದ್ದಲ್ಲಿಯೇ ಇರುವುದಿಲ್ಲ.

ಬ್ರಿಟನ್ನಿನ ಕಲ್ಲಿದ್ದಲು ಪ್ರದೇಶಗಳ ಉದಾಹರಣೆ ಪ್ರಸಿದ್ಧ. 1984-85ರ ಮುಷ್ಕರದ ನಂತರ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಸಾವಿರಾರು ಗಂಡಸರು ಕೆಲಸ ಕಳೆದುಕೊಂಡರೂ ಆ ಪ್ರದೇಶಗಳ ಅಧಿಕೃತ ನಿರುದ್ಯೋಗ ಅದಕ್ಕೆ ತಕ್ಕಂತೆ ಏರಲಿಲ್ಲ. ಕ್ರಿಸ್ಟೀನಾ ಬೀಟಿ ಮತ್ತು ಸ್ಟೀವನ್ ಫಾದರ್‌ಗಿಲ್ ಎಂಬ ಸಂಶೋಧಕರು 1990ರ ದಶಕದಲ್ಲಿ ಇದರ ಜಾಡು ಹಿಡಿದರು. ಕೆಲವರು ಊರು ಬಿಟ್ಟಿದ್ದರು, ಕೆಲವರು ಬೇಗ ನಿವೃತ್ತರಾಗಿದ್ದರು. ಬಹಳ ಜನ ನಿರುದ್ಯೋಗ ಭತ್ಯೆಯಿಂದ ಅನಾರೋಗ್ಯದ ಭತ್ಯೆಗೆ ಬದಲಾಗಿದ್ದರು. ಗಣಿಯಲ್ಲಿ ಸವೆದ ಮೈಯಲ್ಲಿ ಕಾಯಿಲೆ ಇದ್ದದ್ದು ನಿಜ. ಗಣಿ ತೆರೆದಿದ್ದಾಗ ಅದೇ ಮೈಯಲ್ಲಿ ಅವರು ದುಡಿಯುತ್ತಿದ್ದರು ಎಂಬುದೂ ನಿಜ.

ಬ್ರಿಟಿಷರು ಇದರೊಂದಿಗೆ ಒಂದು ಒಳ್ಳೆಯ ಉಪಾಯವನ್ನೂ ಕಂಡುಕೊಂಡಿದ್ದರು. ಆಡಳಿತದ ಗಡಿಗಳನ್ನು ಬಿಟ್ಟು, ಜನ ಎಲ್ಲಿಂದ ಎಲ್ಲಿಗೆ ದುಡಿಯಲು ಹೋಗುತ್ತಾರೆ ಎಂಬುದನ್ನು ಜನಗಣತಿಯಿಂದ ತಿಳಿದು, ನಿವಾಸಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಳಗೇ ದುಡಿಯುವ ಪ್ರದೇಶಗಳನ್ನು ಗುರುತಿಸಿ, ಆ ಪ್ರದೇಶಗಳನ್ನು ಹೋಲಿಸುವ ಪದ್ಧತಿ ಅದು.

ಈ ಪದ್ಧತಿ ಏಕೆ ಬೇಕು ಎಂಬುದನ್ನು ನಮ್ಮ ಕೋಲಾರದ ಚಿನ್ನದ ಗಣಿಗಳು ಚೆನ್ನಾಗಿ ತೋರಿಸುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿಗೂ ಮೊದಲು. ತಮಿಳು ನಾಡಿನಿಂದ ಬಂದ ಸಾವಿರಾರು ಕುಟುಂಬಗಳು ತಲೆಮಾರುಗಳ ಕಾಲ ಭೂಮಿಯಡಿ ದುಡಿದವು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, ಬಳಿಕ ಕೇಂದ್ರದ ಕೈಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಜಾರೋದಂತೆ, ಮಾರಿಯೆಂ‌ಥಾಲ್‌ನಂತೆ ಒಂದೇ ಉದ್ಯಮವನ್ನು ನಂಬಿದ ಊರು. ಆದರೆ ನೂರು ಕಿಲೋಮೀಟರಿನಷ್ಟು ದೂರದಲ್ಲಿ ಬೆಂಗಳೂರು ಇತ್ತು. ಗಣಿ ಕಾರ್ಮಿಕರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳತೊಡಗಿದರು. ಸಮೀಕ್ಷೆ ಮನೆಯಲ್ಲಿ ನಡೆಯುತ್ತದೆ. ಮನೆ ಕೆಜಿಎಫ್‌ನಲ್ಲಿದೆ, ಮನೆಯವನಿಗೆ ಕೆಲಸವಿದೆ, ಆದುದರಿಂದ ಕೆಜಿಎಫ್‌ನಲ್ಲಿ ಒಬ್ಬ ಉದ್ಯೋಗಿ ಹೆಚ್ಚಿದ. ಊರಿನಲ್ಲಿ ಕೆಲಸವಿಲ್ಲ ಎಂಬುದಕ್ಕೂ ರೈಲಿನಲ್ಲಿ ಕಳೆಯುವ ಗಂಟೆಗಳಿಗೂ ಆ ನಮೂನೆಯಲ್ಲಿ ಅಂಕಣವಿಲ್ಲ.

ರೈಲು ರಾತ್ರಿ ಮರಳಿ ತರದಷ್ಟು ದೂರಕ್ಕೆ ಹೋದವರ ಕಥೆ ಬೇರೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿ ತಾಂಡಾಗಳಿಂದ ಪ್ರತಿವರ್ಷ ಜನ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಆ ಭಾಗದ ಮಾತಿನಲ್ಲಿ ಅದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಈ ಒಂದು ಪದದಲ್ಲಿ ಇರುವ ಅರ್ಥ ಯಾವ ಸಮೀಕ್ಷೆಯ ವ್ಯಾಖ್ಯೆಯಲ್ಲೂ ಇಲ್ಲ. ಇಲ್ಲಿ ಬದುಕಲಾಗದು ಎಂಬುದು, ಅಲ್ಲಿ ನೆಲೆಯೂ ಇಲ್ಲ ಎಂಬುದು, ಮಳೆ ಬಂದರೆ ಮರಳುವ ಆಸೆ, ಎಲ್ಲವೂ ಅದರಲ್ಲಿವೆ. ಬಹುಕಾಲ ಹೊರಗಿರುವವನನ್ನು ಸಮೀಕ್ಷೆ ಊರಿನ ಮನೆಯ ಸದಸ್ಯನೆಂದು ಎಣಿಸುವುದಿಲ್ಲ. ಕೆಲವು ತಿಂಗಳಿಗೆಂದು ಹೋದವನನ್ನು ಎಣಿಸಿದರೆ ಅವನು ದುಡಿಯುತ್ತಿರುವವನು. ಎರಡೂ ಬಗೆಯಲ್ಲಿ ಅವನ ಜಿಲ್ಲೆಯ ನಿರುದ್ಯೋಗ ಕಡಿಮೆಯಾಗಿಯೇ ಕಾಣುತ್ತದೆ. ಹಳ್ಳಿ ಖಾಲಿಯಾದಷ್ಟೂ ಅಂಕಿ ಹಸನಾಗುತ್ತದೆ.

ಇದು ಬರಿಯ ಪಾಂಡಿತ್ಯದ ತಕರಾರಲ್ಲ. ಬ್ರಿಟನ್ನಿನಲ್ಲಿ 1934ರಲ್ಲಿಯೇ ನಾಲ್ಕು ಸಂಕಷ್ಟದ ಪ್ರದೇಶಗಳನ್ನು ಗುರುತಿಸಿ ವಿಶೇಷ ನೆರವು ನೀಡುವ ಕಾಯಿದೆ ಬಂತು. ನೆರವು ಸಾಲದೆ ಹೋಯಿತೆಂಬುದನ್ನು ಎರಡು ವರ್ಷಗಳ ನಂತರದ ಜಾರೋ ನಡಿಗೆಯೇ ಹೇಳುತ್ತದೆ, ಆದರೂ ಅಂಕಿ ಎತ್ತರವಿದ್ದುದರಿಂದ ಆ ಊರುಗಳ ಹೆಸರಾದರೂ ಸಂಸತ್ತಿಗೆ ತಲುಪಿತು. ಗುಳೆ ಹೋಗುವ ತಾಲ್ಲೂಕಿನ ಅಂಕಿ ತಗ್ಗಿನಲ್ಲಿದ್ದರೆ ಅದರ ಹೆಸರು ಯಾವ ಕಡತದ ಮೇಲೆ ಏರುತ್ತದೆ? 2025ರಿಂದ ನಮ್ಮ ಶ್ರಮಶಕ್ತಿ ಸಮೀಕ್ಷೆ ತಿಂಗಳು ತಿಂಗಳೂ ಪ್ರಕಟವಾಗುತ್ತಿದೆ, ಅದರ ಮಾದರಿಯನ್ನು ಆರಿಸುವಾಗ ಜಿಲ್ಲೆಗೆ ಮೊದಲಿಗಿಂತ ಹೆಚ್ಚು ಮಹತ್ತ್ವ ಸಿಕ್ಕಿದೆ. ಇದು ಸ್ವಾಗತಾರ್ಹ ಹೆಜ್ಜೆ. ಜಿಲ್ಲೆಗಳ ಪಟ್ಟಿ ಮುಂದೆ ನಮ್ಮ ಕೈಗೆ ಬಂದಾಗ ನಿರುದ್ಯೋಗದ ಜೊತೆಯಲ್ಲಿ ಇನ್ನೂ ಮೂರು ಸಂಗತಿಗಳನ್ನು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ದುಡಿಯುವ ವಯಸ್ಸಿನವರಲ್ಲಿ ಎಷ್ಟು ಜನ ನಿಜವಾಗಿ ದುಡಿಯುತ್ತಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಸಂಬಳ ಬರುತ್ತಿದೆ, ಆ ಜಿಲ್ಲೆಯಲ್ಲಿ ಹುಟ್ಟಿದವರಲ್ಲಿ ಎಷ್ಟು ಜನ ಈಗ ಬೇರೆ ಕಡೆ ಇದ್ದಾರೆ.

ಮೂರನೆಯ ಪ್ರಶ್ನೆ ಹೊರನಾಡಿನಲ್ಲಿರುವ ನಮ್ಮೆಲ್ಲರನ್ನೂ ಮುಟ್ಟುತ್ತದೆ. ನಮ್ಮಲ್ಲಿ ಹಲವರ ಅಜ್ಜಂದಿರೋ ತಂದೆಯರೋ ಹೋಟೆಲಿನ ಕೆಲಸಕ್ಕೆ, ಗಿರಣಿಗೆ, ಕಚೇರಿಯ ಗುಮಾಸ್ತಿಕೆಗೆ ಎಂದು ಊರು ಬಿಟ್ಟವರು. ಅವರು ಬಿಟ್ಟ ವರ್ಷ ಅವರ ಊರಿನ ಲೆಕ್ಕದಲ್ಲಿ ಒಬ್ಬ ನಿರುದ್ಯೋಗಿ ಕಡಿಮೆಯಾದ. ಊರಿನಲ್ಲಿ ಒಂದು ಕೆಲಸ ಹೆಚ್ಚಿರಲಿಲ್ಲ. ತವರಿನ ನಿರುದ್ಯೋಗ ಇಷ್ಟು ಕಡಿಮೆ ಎಂಬ ಸುದ್ದಿಯನ್ನು ಇಲ್ಲಿ ಕುಳಿತು ಓದುವಾಗ, ಅದರೊಳಗೆ ನಮ್ಮ ಗೈರುಹಾಜರಿಯೂ ಸೇರಿದೆ ಎಂಬುದನ್ನು ನೆನಪಿಡಬೇಕು.